ಒಲೆಗಿಂತ ಮೊದಲು ಸೌದೆ ನೋಡಿ: ಎರಡೂವರೆ ಸಾವಿರದೊಳಗೆ ಮೊದಲ ಸೌದೆ ಒಲೆ

ನಾನು ಕೊಂಡ ಮೊದಲ ಸೌದೆ ಒಲೆ ಬಾಳಿದ್ದು ಎಂಟೇ ತಿಂಗಳು. ತಿಪಟೂರು ಸೀಮೆಯ ಒಂದು ಸಂತೆಯಲ್ಲಿ ಆರುನೂರು ರೂಪಾಯಿ ಕೊಟ್ಟು ತಂದಿದ್ದೆ. ತಗಡಿನ ಒಲೆ. ಮೇಲೆ ಬೆಳ್ಳಿ ಬಣ್ಣ ಬಳಿದು ಫಳಫಳ ಅಂತಿತ್ತು. ಅವತ್ತೇ ರಾತ್ರಿ ಅಮ್ಮ ಅದರ ಮೇಲೆ ಮುದ್ದೆಗೆ ಎಸರಿಟ್ಟಳು. ಹಿಟ್ಟು ಬೆಂದಿತು. ಕವೆಗೋಲಿನಲ್ಲಿ ಪಾತ್ರೆ ಒತ್ತಿ ಹಿಡಿದು ಮುದ್ದೆ ಕೋಲು ತಿರುಗಿಸಲು ಶುರು ಮಾಡಿದ್ದೇ ತಡ, ಪಾತ್ರೆ ಜೊತೆಗೆ ಒಲೆಯೂ ಓಲಾಡಿತು. "ಏನ್ಲಾ ಇದು, ಒಲೆನೋ ತೊಟ್ಟಿಲೋ?" ಅಂದಳು ಅಮ್ಮ. ಆ ರಾತ್ರಿ ಮುದ್ದೆ ತಿರುವಿದ್ದು ಗ್ಯಾಸ್ ಮೇಲೆ.

ಆಮೇಲೆ ಒಲೆಯ ಕಾಲಿಗೆ ಕಲ್ಲು ಕೊಟ್ಟು, ಸ್ನಾನದ ನೀರಿಗೆ ಬಳಸಿದೆವು. ಎಂಟನೇ ತಿಂಗಳಿಗೆ ಒಳಗಿನ ಜಾಲರಿ ಸುಟ್ಟು ತೂತಾಗಿ, ಕೆಂಡವೆಲ್ಲ ದಬದಬ ಕೆಳಗೆ ಬಿತ್ತು. ಮಾರಿದವನನ್ನು ಬೈದುಕೊಂಡೆ, ಆದರೆ ತಪ್ಪು ಅರ್ಧಕ್ಕಿಂತ ಜಾಸ್ತಿ ನನ್ನದೇ. ಒಲೆಯನ್ನು ಮಾತ್ರ ನೋಡಿದ್ದೆ. ಅದರೊಳಗೆ ಹಾಕುವ ಸೌದೆ, ಅದರ ಮೇಲೆ ಇಡುವ ಪಾತ್ರೆ, ಅದು ಕೂರುವ ಜಾಗ, ಯಾವುದನ್ನೂ ಯೋಚಿಸಿರಲಿಲ್ಲ. ದುಡ್ಡು ಕಮ್ಮಿ ಇದ್ದವರು ಈ ಮೂರನ್ನು ಮೊದಲು ನೋಡಬೇಕು, ಒಲೆ ಕೊನೆಗೆ. ನಾನು ಈಗ ಹೇಳುವುದೂ ಅದೇ ಸಾಲಿನಲ್ಲಿ.

ಮೊದಲು ಒಂದು ಲೆಕ್ಕ

ಸೌದೆ ಒಲೆ ಕೊಂಡರೆ ದುಡ್ಡು ಉಳಿಯುತ್ತದಾ? ಎಲ್ಲರ ಮನೆಯಲ್ಲೂ ಉಳಿಯುವುದಿಲ್ಲ. ಸೌದೆಯನ್ನೂ ದುಡ್ಡು ಕೊಟ್ಟೇ ತರಬೇಕು ಅನ್ನುವವರಿಗೆ ಉಳಿತಾಯ ತೀರಾ ಕಮ್ಮಿ.

ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು 46 ಮೆಗಾಜೂಲ್ ಶಾಖ. ಅದರಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ ಅರವತ್ತರಷ್ಟು ಅಂತ ಇಟ್ಟುಕೊಳ್ಳೋಣ. ಒಟ್ಟು 390 ಮೆಗಾಜೂಲ್ ಆಯಿತು. ಚೆನ್ನಾಗಿ ಒಣಗಿದ ಸೌದೆ ಕೆಜಿಗೆ ಸುಮಾರು 16 ಮೆಗಾಜೂಲ್ ಕೊಡುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಅದರ ನೂರಕ್ಕೆ ಹತ್ತು ಹನ್ನೆರಡು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು, ಉಳಿದದ್ದು ಗೋಡೆಗೆ, ಗಾಳಿಗೆ. ಒಳ್ಳೆಯ ಒಲೆಯಲ್ಲಿ ನೂರಕ್ಕೆ ಇಪ್ಪತ್ತೈದು ಪಾಲು ಸೇರುತ್ತದೆ.

ಅಂದರೆ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಒಳ್ಳೆ ಒಲೆಯಲ್ಲಿ ಸುಮಾರು 100 ಕೆಜಿ ಒಣ ಸೌದೆ ಬೇಕು, ಮೂರು ಕಲ್ಲಿನ ಒಲೆಯಲ್ಲಿ 200 ಕೆಜಿ. ಇಷ್ಟು ನೆನಪಿದ್ದರೆ ಸಾಕು. ಇವತ್ತಿನ ಸಿಲಿಂಡರ್ ಬೆಲೆಯನ್ನು ನೂರರಿಂದ ಭಾಗಿಸಿ. ಸಿಲಿಂಡರ್ 900 ರೂಪಾಯಿ ಇದ್ದರೆ ಬರುವುದು 9. ನಿಮ್ಮೂರ ಡಿಪೋದಲ್ಲಿ ಸೌದೆ ಕೆಜಿಗೆ ಎಂಟು ಒಂಬತ್ತು ರೂಪಾಯಿ ಇದ್ದರೆ ಆ ಸೌದೆ ತಂದು, ಸೀಳಿ, ಒಣಗಿಸಿ, ಹೊಗೆ ಕುಡಿದು ನೀವು ಉಳಿಸುವುದು ಏನೂ ಇಲ್ಲ. ಸುಮ್ನೆ ಗ್ಯಾಸಲ್ಲೇ ಇರಿ.

ತೋಟದಲ್ಲಿ ಬಿದ್ದದ್ದು, ಹೊಲದ ಕಟ್ಟಿಗೆ, ಪಕ್ಕದ ಸಾ ಮಿಲ್ಲಿನ ಸಿಪ್ಪೆ, ಹೀಗೆ ಪುಕ್ಕಟೆಯೋ ಪುಡಿಗಾಸಿಗೋ ಸಿಗುವವರಿಗೆ ಮಾತ್ರ ಸೌದೆ ಒಲೆ ಲಾಭ. ಅವರೂ ಗ್ಯಾಸ್ ಬಿಡಬೇಕಾಗಿಲ್ಲ. ಬೆಳಗಿನ ಕಾಫಿ, ಒಗ್ಗರಣೆ, ನೆಂಟರು ಬಂದಾಗಿನ ಗಡಿಬಿಡಿ ಗ್ಯಾಸಿಗೆ. ಹೊತ್ತು ಹಿಡಿಯುವ ಕೆಲಸ ಸೌದೆಗೆ: ಸ್ನಾನದ ನೀರು, ಹುರುಳಿ ಬೇಯಿಸುವುದು, ಬಸ್ಸಾರಿನ ಕಟ್ಟು, ದನದ ಹುರುಳಿ, ಭತ್ತ ಬೇಯಿಸುವುದು. ನೀರಿನದ್ದೇ ನೋಡಿ. ನಲವತ್ತು ಲೀಟರ್ ನೀರನ್ನು 25 ಡಿಗ್ರಿ ಏರಿಸಲು ನಾಲ್ಕು ಮೆಗಾಜೂಲ್ ಚಿಲ್ಲರೆ ಬೇಕು. ಒಳ್ಳೆ ಒಲೆಯಲ್ಲಿ ಲೆಕ್ಕಕ್ಕೆ ಒಂದು ಕೆಜಿ ಸೌದೆ. ಹಂಡೆಯೂ ಕಾಯಬೇಕಲ್ಲ, ಒಂದೂವರೆ ಅನ್ನಿ. ಇಬ್ಬರ ಸ್ನಾನ ಮುಗಿಯಿತು.

ಸೌದೆ ಏನಿದೆ, ಎಷ್ಟು ಒಣಗಿದೆ

ಒಲೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಹಿತ್ತಲಿಗೆ ಹೋಗಿ ನೋಡಿ. ಒಂದು ವಾರ ಅಲ್ಲಿ ಏನೇನು ಸಿಗುತ್ತದೋ ಗುಡ್ಡೆ ಹಾಕಿ. ಯಾವ ಒಲೆ ಬೇಕು ಅಂತ ಆ ಗುಡ್ಡೆಯೇ ಹೇಳುತ್ತದೆ.

ನಮ್ಮ ಕಡೆ ಎಲ್ಲ ತೆಂಗು. ಚಿಪ್ಪು ಹತ್ತಿಕೊಂಡರೆ ಎಣ್ಣೆ ಸುರಿದ ಹಾಗೆ ಉರಿಯುತ್ತದೆ, ಬೇಗ ಬೂದಿಯೂ ಆಗುತ್ತದೆ. ಎಡೆಮಟ್ಟೆ ಸೀಳಿ ಒಣಗಿಸಿದರೆ ಪರವಾಗಿಲ್ಲ. ಗರಿ ಹೊತ್ತಿಸಲು ಸಾಕು, ಅಡುಗೆಗೆ ಸಾಲದು. ರಾಮನಗರ, ಕೋಲಾರದ ಕಡೆ ಹಿಪ್ಪುನೇರಳೆ ಕಡ್ಡಿ. ಅದು ಬೆರಳು ಗಾತ್ರ, ರಾಕೆಟ್ ಒಲೆಗೆ (ಅದೇನು ಅಂತ ಮುಂದೆ ಹೇಳುತ್ತೇನೆ) ಹೇಳಿ ಮಾಡಿಸಿದ ಸೌದೆ. ಕಲಬುರಗಿ ಕಡೆ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಕೊಡಗು, ಚಿಕ್ಕಮಗಳೂರಲ್ಲಿ ಕಾಫಿ ಗಿಡ, ಸಿಲ್ವರ್ ಓಕ್ ಕೊಂಬೆ. ಬಯಲು ಸೀಮೆಯಲ್ಲಿ ಜಾಲಿ, ಬಳ್ಳಾರಿ ಜಾಲಿ. ಜಾಲಿ, ಹುಣಸೆಯಂಥ ಗಟ್ಟಿ ಮರ ನಿಧಾನಕ್ಕೆ ಉರಿದು ಕೆಂಡ ಚೆನ್ನಾಗಿ ನಿಲ್ಲುತ್ತದೆ, ಆದರೆ ಸಣ್ಣ ಬಾಯಿಯ ಒಲೆಗೆ ತುರುಕಬೇಕಾದರೆ ಸೀಳುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ನಿಮ್ಮ ಹತ್ತಿರ ಇರುವುದು ಬರೀ ದಪ್ಪ ಕೊರಡಾದರೆ ಸಣ್ಣ ಬಾಯಿಯ ಒಲೆ ಕೊಳ್ಳಬೇಡಿ, ಎರಡನೇ ವಾರಕ್ಕೆ ಅಟ್ಟ ಸೇರುತ್ತದೆ.

ಒಣಗಿದ್ದು ಬಹಳ ಮುಖ್ಯ. ಆಗ ತಾನೆ ಕಡಿದ ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನು ಕಾಯಿಸಿ ಆವಿ ಮಾಡಬೇಕು. ಬಿಸಿ ಸಾಲದೆ ಹೊಗೆ ಪೂರ್ತಿ ಉರಿಯುವುದಿಲ್ಲ. ಐದು ಸಾವಿರದ ಒಲೆಗೆ ಹಸಿ ಸೌದೆ ಹಾಕುವುದಕ್ಕಿಂತ ಮೂರು ಕಲ್ಲಿಗೆ ಒಣ ಸೌದೆ ಹಾಕುವುದು ಎಷ್ಟೋ ಮೇಲು.

ಒಣಗಿದೆಯಾ ಅಂತ ತಿಳಿಯಲು ಮಷೀನು ಬೇಡ. ಎರಡು ತುಂಡು ತೆಗೆದುಕೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ದೊಪ್ ಅನ್ನುತ್ತದೆ. ತುದಿಯಲ್ಲಿ ಚಕ್ರದ ಅರೆಗಳ ಹಾಗೆ ಬಿರುಕು ಬಿಟ್ಟಿರಬೇಕು. ತೊಗಟೆ ತಾನಾಗಿ ಏಳಬೇಕು. ಉರಿಯುವಾಗ ಹಿಂದಿನ ತುದಿಯಲ್ಲಿ ನೊರೆ ಬಂದು ಸುಯ್ ಅಂತ ಸದ್ದು ಮಾಡಿದರೆ ಇನ್ನೂ ನೀರಿದೆ ಅಂತಲೇ ಅರ್ಥ. ಇನ್ನೂ ಅನುಮಾನವಾದರೆ ಒಂದು ತುಂಡು ತೂಗಿ ಬರೆದಿಟ್ಟುಕೊಳ್ಳಿ. ವಾರ ಬಿಸಿಲಲ್ಲಿ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಇನ್ನೂ ಕಾಯಬೇಕು. ಸೀಳಿದ ಸೌದೆಯನ್ನು ನೆಲಕ್ಕೆ ತಾಗದ ಹಾಗೆ ಎರಡು ಕಲ್ಲಿನ ಮೇಲೆ ಅಡ್ಡಕಂಬಿ ಇಟ್ಟು ಜೋಡಿಸಿ, ಮೇಲೆ ಮಾತ್ರ ಮುಚ್ಚಿ, ಪಕ್ಕದಲ್ಲಿ ಗಾಳಿಯಾಡಲು ಬಿಡಿ. ಟಾರ್ಪಾಲು ಸುತ್ತಿ ಕಟ್ಟಿದರೆ ಒಣಗುವುದಿಲ್ಲ, ಅಣಬೆ ಏಳುತ್ತದೆ. ಸಂಕ್ರಾಂತಿಗೆ ಸೀಳಿಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಸಿದ್ಧ.

ಉರಿಸಬಾರದ್ದೂ ಇದೆ. ಪೇಂಟ್ ಬಳಿದ ಕಿಟಕಿ ಚೌಕಟ್ಟು, ಪ್ಲೈವುಡ್, ಹಾಳೆ ಅಂಟಿಸಿದ ಮೇಜಿನ ಚೂರು ಬೇಡ. ಬಡಗಿ ಅಂಗಡಿಯ ಚೂರು ಪುಕ್ಕಟೆ ಸಿಕ್ಕರೂ ಆರಿಸಿ ತನ್ನಿ. ಕಣಗಿಲೆ ಬೇಡ. ಮಲೆನಾಡಿನವರಿಗೆ ಹೊಳಗೇರಿನ ಬಗ್ಗೆ ಹೇಳಬೇಕಾಗಿಲ್ಲ, ಅದರ ಸೊನೆ ತಾಗಿದರೇ ಮೈಯೆಲ್ಲ ಬೊಬ್ಬೆ. ಹೊತ್ತಿಸಲು ಪ್ಲಾಸ್ಟಿಕ್ ಕವರ್ ಬಳಸುವ ಚಾಳಿ ಎಲ್ಲ ಊರಲ್ಲೂ ಇದೆ, ದಯವಿಟ್ಟು ಬಿಡಿ. ಒಂದು ಚಿಪ್ಪಿನ ಚೂರು, ನಾಲ್ಕು ಪುಳ್ಳೆ ಸಾಕು. ಕಾಡಂಚಿನಲ್ಲಿ ಇರುವವರು ಹಸಿ ಮರಕ್ಕೆ ಕೈ ಹಾಕಬೇಡಿ, ಮೀಸಲು ಅರಣ್ಯದಲ್ಲಿ ಅದು ಅಪರಾಧ.

ಎಲ್ಲಿ ಇಡುತ್ತೀರಿ

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಉತ್ತರ ಸರಳ: ಚಿಮಣಿ ಇಲ್ಲದ ಒಲೆ ಮನೆಯೊಳಗೆ ಬೇಡ. ಡಬ್ಬಿಯ ಮೇಲೆ "ಹೊಗೆ ಇಲ್ಲ" ಅಂತ ಬರೆದಿದ್ದರೂ ಬೇಡ. ಹೊಗೆ ಕಮ್ಮಿ ಆಗಬಹುದು, ಇಲ್ಲ ಅಂತಾಗುವುದಿಲ್ಲ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ಅಂತ ರಾತ್ರಿ ಕೆಂಡದ ಒಲೆ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿಯನ್ನು ನೀವೂ ಓದಿರುತ್ತೀರಿ.

ಹಿತ್ತಲಲ್ಲಿ ನಾಲ್ಕು ಕಂಬ, ಮೇಲೊಂದು ಶೀಟು, ಎರಡು ಕಡೆ ತೆರೆದಿದ್ದರೆ ಚೆನ್ನ. ಗಾಳಿ ಬೀಸುವ ಕಡೆಗೆ ಅಡ್ಡ ಗೋಡೆ ಇರಲಿ. ಒಲೆಯ ಸುತ್ತ ಮೂರಡಿ ಒಳಗೆ ಸೋಗೆ, ಹುಲ್ಲು, ಟಾರ್ಪಾಲು ಇರಬಾರದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿ. ಪಕ್ಕದ ಮನೆಯವರು ಬಟ್ಟೆ ಒಣಹಾಕುವ ಕಡೆಗೆ ಹೊಗೆ ಹೋದರೆ ಜಗಳ ಗ್ಯಾರಂಟಿ. ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಇಡುವ ಆಸೆ ಇದ್ದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ಇಪ್ಪತ್ತು ಇಟ್ಟಿಗೆಯ ಪರೀಕ್ಷೆ

ಈ ಲೇಖನದಲ್ಲಿ ಒಂದೇ ಒಂದು ಮಾತು ಕೇಳುತ್ತೀರಿ ಅಂತಾದರೆ ಇದನ್ನು ಕೇಳಿ. ಒಲೆ ಕೊಳ್ಳುವ ಮುಂಚೆ ಇಟ್ಟಿಗೆಯಲ್ಲಿ ಒಂದು ರಾಕೆಟ್ ಒಲೆ ಜೋಡಿಸಿ ಎರಡು ವಾರ ಅಡುಗೆ ಮಾಡಿ. ಗಾರೆ ಬೇಡ, ಕೆಲಸಗಾರ ಬೇಡ. ಇಟ್ಟಿಗೆಗೆ ಹತ್ತು ರೂಪಾಯಿಯಂತೆ ಇನ್ನೂರು ರೂಪಾಯಿ. ಬೇಡವಾದರೆ ಇಟ್ಟಿಗೆ ಎಲ್ಲೂ ಹೋಗುವುದಿಲ್ಲ, ತುಳಸಿ ಕಟ್ಟೆಗಾದರೂ ಆದೀತು.

ರಾಕೆಟ್ ಒಲೆ ಅನ್ನುವುದು ದೊಡ್ಡ ತಂತ್ರಜ್ಞಾನ ಏನಲ್ಲ. ಅಮೆರಿಕದ ಲ್ಯಾರಿ ವಿನಿಯಾರ್ಸ್ಕಿ ಅನ್ನುವವರು 1980ರ ದಶಕದಲ್ಲಿ ಇದರ ನಿಯಮಗಳನ್ನು ರೂಪಿಸಿದರು. ಸೌದೆ ಕೆಳಗೆ ಪಕ್ಕದಿಂದ ಒಳಗೆ ಹೋಗುತ್ತದೆ, ಉರಿ ಒಂದು ಇಕ್ಕಟ್ಟಾದ ಗೂಡಿನಲ್ಲಿ ನೆಟ್ಟಗೆ ಮೇಲೇಳುತ್ತದೆ. ಆ ಗೂಡು ಕೆಂಪಗೆ ಕಾದಾಗ ಹೊಗೆಯೂ ಅಲ್ಲೇ ಉರಿದುಹೋಗುತ್ತದೆ. ಹೊಗೆ ಅಂದರೆ ಉರಿಯದೆ ಉಳಿದ ಸೌದೆಯೇ, ಅಲ್ವಾ?

ಜೋಡಿಸುವ ಬಗೆ ಹೀಗೆ. ಒಂಬತ್ತು ಇಂಚು ಉದ್ದ, ನಾಲ್ಕು ಇಂಚು ಅಗಲ, ಮೂರು ಇಂಚು ದಪ್ಪದ ಇಟ್ಟಿಗೆ ಇಟ್ಟುಕೊಳ್ಳಿ. ಮಟ್ಟವಾದ ನೆಲದಲ್ಲಿ ನಾಲ್ಕು ಇಟ್ಟಿಗೆ ಮಲಗಿಸಿ, ಒಂದರ ತುದಿ ಇನ್ನೊಂದರ ಪಕ್ಕಕ್ಕೆ ತಾಗುವ ಹಾಗೆ, ಮಕ್ಕಳ ಗಾಳಿಗಿರಗಟ್ಟೆಯ ತರ ಸುತ್ತು ಇಡಿ. ನಡುವೆ ಐದು ಇಂಚು ಚೌಕದ ತೂತು ಉಳಿಯುತ್ತದೆ. ಅದೇ ಉರಿಯ ಗೂಡು. ಈಗ ನಿಮ್ಮ ಎದುರಿಗಿರುವ ಇಟ್ಟಿಗೆ ತೆಗೆದು, ಅದರ ಜಾಗದ ಹೊರಮೂಲೆಯಲ್ಲಿ ಅರ್ಧ ಇಟ್ಟಿಗೆ ಮಾತ್ರ ಇಡಿ. ಸೌದೆ ಹಾಕುವ ಬಾಯಿ ಸಿಕ್ಕಿತು. ಎರಡನೇ ವರಸೆಯೂ ಹೀಗೆಯೇ. ಮೂರು, ನಾಲ್ಕು, ಐದನೇ ವರಸೆಗೆ ನಾಲ್ಕು ನಾಲ್ಕು ಪೂರ್ತಿ ಇಟ್ಟಿಗೆ. ಮೂರನೇ ವರಸೆಯ ಎದುರಿನ ಇಟ್ಟಿಗೆ ಬಾಯಿಯ ಮೇಲೆ ತೊಲೆಯ ಹಾಗೆ ಕೂರಬೇಕು. ಅದಕ್ಕೆ ಆ ವರಸೆಯಲ್ಲಿ ಸುತ್ತುವ ದಿಕ್ಕು ತಿರುಗಿಸಿ, ಎರಡು ತುದಿಗೂ ಆಧಾರ ಸಿಗುತ್ತದೆ. ಒಟ್ಟು ಹತ್ತೊಂಬತ್ತು ಇಟ್ಟಿಗೆ, ಒಂದು ಒಡೆದರೆ ಇರಲಿ ಅಂತ ಇಪ್ಪತ್ತು.

ಬಾಯಿಯೊಳಗೆ ನಡುಮಟ್ಟದಲ್ಲಿ ಒಂದು ಹಂಚಿನ ಚೂರನ್ನೋ ದಪ್ಪ ತಗಡನ್ನೋ ಅಡ್ಡ ಇಡಿ. ಸೌದೆ ಅದರ ಮೇಲೆ, ಗಾಳಿ ಅದರ ಕೆಳಗೆ. ಇದನ್ನು ಬಿಟ್ಟರೆ ಒಲೆ ಬರೀ ಹೊಗೆ ಕಾರುತ್ತದೆ. ಮೇಲೆ ಪಾತ್ರೆಗೆ ಮೂರು ಕಲ್ಲಿನ ಚೂರು. ಪಾತ್ರೆಗೂ ಇಟ್ಟಿಗೆಗೂ ನಡುವೆ ಕಿರುಬೆರಳು ಹೋಗುವಷ್ಟು ಸಂದು. ಸಂದು ಕಮ್ಮಿ ಆದರೆ ಉರಿ ಬಾಯಿಂದ ಹೊರಗೆ ಬರುತ್ತದೆ, ಜಾಸ್ತಿ ಆದರೆ ಶಾಖ ಪಕ್ಕಕ್ಕೆ ಹೋಗುತ್ತದೆ.

ಮೊದಲ ಹದಿನೈದು ನಿಮಿಷ ಇಟ್ಟಿಗೆಯೇ ಶಾಖ ಕುಡಿಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಗುಂಯ್ ಅಂತ ಸಣ್ಣ ಸದ್ದು ಬರುತ್ತದೆ. ಆಗ ಒಲೆ ಹತ್ತಿತು ಅಂತ ಲೆಕ್ಕ. ಹೆಬ್ಬೆರಳು ಗಾತ್ರದ ಮೂರ್ನಾಲ್ಕು ಕಡ್ಡಿಗಿಂತ ಜಾಸ್ತಿ ಹಾಕಬೇಡಿ. ತುದಿ ಮಾತ್ರ ಉರಿಯಲಿ, ಉರಿದಂತೆ ಒಳಗೆ ತಳ್ಳಿ.

ಎರಡು ವಾರ ಕಳೆಯುವಷ್ಟರಲ್ಲಿ ನಿಮಗೇ ಉತ್ತರ ಸಿಕ್ಕಿರುತ್ತದೆ. ಅರ್ಧಗಂಟೆ ಒಲೆ ಮುಂದೆ ಕೂತು ಕಡ್ಡಿ ತಳ್ಳುವ ತಾಳ್ಮೆ ಮನೆಯಲ್ಲಿ ಯಾರಿಗಿದೆ, ದಿನಕ್ಕೆ ಎಷ್ಟು ಸೌದೆ ಹೋಗುತ್ತದೆ, ಹೊಗೆ ಯಾವ ಕಡೆ ತಿರುಗುತ್ತದೆ, ಮಸಿ ಪಾತ್ರೆ ತಿಕ್ಕುವವರು ಯಾರು. ಕೊನೆಯದಕ್ಕೆ ಉತ್ತರ ಇಲ್ಲದೆ ಎಷ್ಟೋ ಒಲೆಗಳು ಗುಜರಿಗೆ ಹೋಗಿವೆ. ಹೊಸ ಒಲೆ ತಂದದ್ದು ಒಬ್ಬರು, ತಿಕ್ಕುವವರು ಇನ್ನೊಬ್ಬರು ಆದರೆ ಆ ಒಲೆಗೆ ಆಯಸ್ಸು ಇಲ್ಲ. ಪಾತ್ರೆ ಇಡುವ ಮುಂಚೆ ತಳಕ್ಕೆ ಒದ್ದೆ ಬೂದಿಯನ್ನೋ ಮಣ್ಣನ್ನೋ ತೆಳ್ಳಗೆ ಬಳಿಯಿರಿ, ಮಸಿ ಅದರ ಜೊತೆ ಎದ್ದು ಬರುತ್ತದೆ. ನಮ್ಮಜ್ಜಿ ಕಾಲದ ಉಪಾಯ, ಇವತ್ತಿಗೂ ನಡೆಯುತ್ತದೆ.

ಈಗ ಪೇಟೆ ಕಡೆ

ಸಿಗುವ ಒಲೆಗಳು ಹತ್ತಾರು ತರ ಕಂಡರೂ ಒಳಗೆ ನಾಲ್ಕೈದೇ ಜಾತಿ.

ಕುಂಬಾರರ ಮಣ್ಣಿನ ಒಲೆ ಇನ್ನೂರು ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಇದನ್ನು ಹಳೆಯದು ಅಂತ ಕಡೆಗಣಿಸಬೇಡಿ. ಜೋಳದ ರೊಟ್ಟಿ ತಟ್ಟುವ ಮನೆಗೆ ಇವತ್ತಿಗೂ ಇದೇ ಸರಿ. ರಾಕೆಟ್ ಒಲೆಯ ಉರಿ ನಡುವೆ ಒಂದೇ ಕಡೆ ಚುಚ್ಚುತ್ತದೆ. ಹಂಚಿನ ನಡುಭಾಗ ಸೀದು ಅಂಚು ಹಸಿ ಉಳಿಯುತ್ತದೆ. ರೊಟ್ಟಿಗೆ ಬೇಕಾದದ್ದು ಹರಡಿದ ಉರಿ, ಕೊನೆಗೆ ಒಲೆ ಬಾಯಲ್ಲಿ ಎಳೆದಿಟ್ಟ ಕೆಂಡ, ಆ ಕೆಂಡಕ್ಕೆ ಒರಗಿಸಿದಾಗ ರೊಟ್ಟಿ ಉಬ್ಬುವುದು. ಇದು ಎರಡು ಸಾವಿರದ ಉಕ್ಕಿನ ಒಲೆಯಲ್ಲಿ ಆಗುವುದಿಲ್ಲ. ಕಾವಲಿ ದೋಸೆಗೂ ಇದೇ ಮಾತು.

ಸಂತೆಯ ತಗಡಿನ ಒಲೆ, ನನ್ನ ಕಥೆ ಕೇಳಿದಿರಲ್ಲ.

ಫ್ಯಾನ್ ಇಲ್ಲದ ಉಕ್ಕಿನ ಒಲೆಗಳು ಸುಮಾರು ಒಂದೂವರೆ ಸಾವಿರದಿಂದ ಮೂರೂವರೆ ಸಾವಿರದವರೆಗೆ. ಎರಡು ಪದರದ ಗೋಡೆ, ಒಳಗೆ ಉಕ್ಕಿನ ಗೂಡು, ಪಕ್ಕದಿಂದ ಸೌದೆ. ಕೈ ಬಿಗಿ ಇರುವವರಿಗೆ ನಾನು ಹೇಳುವುದು ಇದನ್ನೇ. ಕೆಡುವಂಥದ್ದು ಇದರಲ್ಲಿ ಕಮ್ಮಿ.

ಫ್ಯಾನ್ ಒಲೆ ಇನ್ನೂ ಚೆನ್ನಾಗಿ ಉರಿಯುತ್ತದೆ, ಹೊಗೆಯೂ ಕಮ್ಮಿ, ಅದು ನಿಜ. ಆದರೆ ಬ್ಯಾಟರಿ ಚಾರ್ಜ್ ಮಾಡಬೇಕು, ಸೌದೆಯನ್ನು ಬೆರಳುದ್ದ ಕತ್ತರಿಸಬೇಕು, ಫ್ಯಾನ್ ಕೆಟ್ಟರೆ ಸರಿ ಮಾಡುವವರು ಬೇಕು. ಕೆಲವಕ್ಕೆ ಪೆಲೆಟ್ ಅನ್ನುವ ಒತ್ತಿದ ಗುಳಿಗೆಯೇ ಬೇಕು. ಪೆಲೆಟ್ ನಿಮ್ಮ ಊರಿನ ಅಂಗಡಿಯಲ್ಲಿ ವರ್ಷವಿಡೀ ಸಿಗುತ್ತದಾ ಅಂತ ಖಾತ್ರಿ ಮಾಡಿಕೊಳ್ಳದೆ ಅದಕ್ಕೆ ದುಡ್ಡು ಹಾಕಬೇಡಿ. ಎರಡೂವರೆ ಸಾವಿರದ ಬಜೆಟ್ಟಿಗೆ ಇದು ಬೇಡ.

ಸ್ವಂತ ಮನೆ ಇದ್ದು, ಅಡುಗೆಮನೆಯಲ್ಲೇ ಬೇಕು ಅನ್ನುವವರು ಒಲೆ ಕೊಳ್ಳುವುದಲ್ಲ, ಕಟ್ಟಿಸುವುದು. ನಮ್ಮ ರಾಜ್ಯದ್ದೇ ಒಳ್ಳೆಯ ಮಾದರಿ ಇದೆ: ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳ ಕೆಲಸಕ್ಕಾಗಿ ಶುರುವಾದ ಅಸ್ತ್ರ ಎಂಬ ಘಟಕದಿಂದ ಇದಕ್ಕೆ ಆ ಹೆಸರು. ನಮ್ಮ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅವರ ಕೇಂದ್ರ ಇತ್ತು. ಮುಚ್ಚಿದ ಗೂಡು, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ. ಒಂದೇ ಉರಿ ಮೂರು ಪಾತ್ರೆ ಮುಟ್ಟಿ ಹೋಗುತ್ತದೆ. ಅದರಲ್ಲಿ ಒಂದು ಮಾತು: ಪಾತ್ರೆಗಳು ತೂತಿಗೆ ಸರಿಯಾಗಿ ಕೂರಬೇಕು. ಮನೆಯ ಪಾತ್ರೆ ಬದಲಾದರೆ ಸಂದಿನಿಂದ ಹೊಗೆ ಬರುತ್ತದೆ. ಚಿಮಣಿಯ ಇಲ್ಲಣ ತಿಂಗಳಿಗೊಮ್ಮೆಯಾದರೂ ತೆಗೆಯಬೇಕು. 1980ರ ದಶಕದಲ್ಲಿ ಸರ್ಕಾರದ ಯೋಜನೆಯಡಿ ದೇಶದ ತುಂಬ ಹೊಗೆರಹಿತ ಒಲೆ ಕಟ್ಟಿಸಿದರು. ಹಾಗೆ ಕಟ್ಟಿಸಿದ ಎಷ್ಟೋ ಒಲೆಗಳು ಚಿಮಣಿ ಕಟ್ಟಿಕೊಂಡೇ ಕೆಟ್ಟವು. ಕಟ್ಟಿಸುವುದಾದರೆ ಚಿಮಣಿ ಆದಷ್ಟು ನೆಟ್ಟಗಿರಲಿ, ಚಾವಣಿಗಿಂತ ಎರಡು ಮೂರಡಿ ಮೇಲಿರಲಿ, ತಲೆಗೆ ಟೋಪಿ ಇರಲಿ, ಕೆಳಗೆ ಮಸಿ ತೆಗೆಯುವ ಕಿಂಡಿ ಇರಲಿ. ಹಳೇ ಆಸ್ಬೆಸ್ಟಾಸ್ ಪೈಪು ಅಗ್ಗಕ್ಕೆ ಸಿಕ್ಕರೂ ಬೇಡ.

ಅಂಗಡಿಯಲ್ಲಿ ನಿಂತಾಗ

ಮನೆಯಿಂದ ಮೂರು ಸಾಮಾನು ತೆಗೆದುಕೊಂಡು ಹೋಗಿ: ದಿನಾ ಅಡುಗೆ ಮಾಡುವ ದೊಡ್ಡ ಪಾತ್ರೆ, ನಿಮ್ಮ ಸೌದೆಯ ಒಂದು ತುಂಡು, ಒಂದು ಅಯಸ್ಕಾಂತ. ಅಂಗಡಿಯವರು ನಗಲಿ ಬಿಡಿ.

ಪಾತ್ರೆಗೆ ನೀರು ತುಂಬಿಸಿ ಒಲೆ ಮೇಲಿಡಿ. ಅಂಚು ಹಿಡಿದು, ಮುದ್ದೆ ತಿರುವುವಷ್ಟು ಜೋರಾಗಿ ಅಲ್ಲಾಡಿಸಿ. ಒಲೆ ಕದಲಿದರೆ ಮುಂದಿನದು ನೋಡಿ. ನಮ್ಮ ಕಡೆಯ ಮನೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಬೇರೆ ರಾಜ್ಯದಲ್ಲಿ ತಯಾರಾಗುವ ಒಲೆಗಳಿಗೆ ಮುದ್ದೆ ಕೋಲಿನ ಏಟು ಗೊತ್ತಿರುವುದಿಲ್ಲ. ತಳ ಅಗಲ ಇದ್ದಷ್ಟೂ ಒಳ್ಳೆಯದು. ದುಂಡು ತಳದ ಪಾತ್ರೆಯೇ ಜಾಸ್ತಿ ಇದ್ದರೆ ಅದನ್ನೂ ಇಟ್ಟು ನೋಡಿ.

ಸೌದೆ ತುಂಡನ್ನು ಬಾಯಿಗೆ ಹಾಕಿ ನೋಡಿ. ಅದು ಹೋಗದಿದ್ದರೆ ಇಡೀ ಗುಡ್ಡೆಯನ್ನು ಮತ್ತೆ ಸೀಳಬೇಕು.

ಆಮೇಲೆ ಒಳಗೆ ಕೈ ಹಾಕಿ. ಜಾಲರಿ ಎತ್ತಿ ನೋಡಿ. ಎರಕದ ಕಬ್ಬಿಣದ ದಪ್ಪ ಜಾಲರಿ ಆದರೆ ವರ್ಷಗಟ್ಟಲೆ ಬರುತ್ತದೆ. ತೆಳು ತಗಡಿಗೆ ತೂತು ಕೊರೆದದ್ದಾದರೆ ಬೇಗ ಸುಟ್ಟುಹೋಗುತ್ತದೆ. ಜಾಲರಿ ಬಿಡಿಯಾಗಿ ತೆಗೆಯಲು ಬರಬೇಕು, ಬಿಡಿಭಾಗವಾಗಿ ಸಿಗುತ್ತದಾ ಅಂತ ಕೇಳಿ. ಬೆಸುಗೆ ಹಾಕಿ ಕೂರಿಸಿದ್ದರೆ ಜಾಲರಿ ಹೋದ ದಿನ ಒಲೆಯೂ ಹೋಯಿತು. ಗೂಡಿನ ಉಕ್ಕಿಗೆ ಅಯಸ್ಕಾಂತ ಹಿಡಿಯಿರಿ. ಒಳ್ಳೆ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಅಷ್ಟಾಗಿ ಅಂಟುವುದಿಲ್ಲ. ಅಂಟಿದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಸ್ಟೇನ್‌ಲೆಸ್‌ನಲ್ಲೇ ಅಂಟುವ ದರ್ಜೆಯೂ ಇದೆ. ಆದರೆ "ಪೂರಾ ಸ್ಟೇನ್‌ಲೆಸ್, 304" (304 ಅಂದರೆ ಅಷ್ಟಾಗಿ ಅಂಟದ ಒಂದು ದರ್ಜೆ) ಅಂತ ಹೇಳಿ ಜಾಸ್ತಿ ಬೆಲೆ ಹೇಳುವವರ ಮಾತಿಗೆ ಇದು ಉತ್ತರ. ಬೂದು ಬಣ್ಣದಲ್ಲಿ ಹೂವಿನಂಥ ಚಕ್ಕೆ ಕಾಣುವ ಜಿಐ (ಸತು ಲೇಪಿಸಿದ) ತಗಡು ಗೂಡಿನಲ್ಲಿ ಇದ್ದರೆ ಬೇಡವೇ ಬೇಡ. ಅದರ ಸತು ಲೇಪ ಕಾದಾಗ ಬರುವ ಹೊಗೆ ಒಳ್ಳೆಯದಲ್ಲ.

ಐಎಸ್‌ಐ ಗುರುತು ಇದೆಯಾ ನೋಡಿ. ಎತ್ತಿ ಒಯ್ಯಬಹುದಾದ ಸೌದೆ ಒಲೆಗಳಿಗೆ ಐಎಸ್ 13152 ಅನ್ನುವ ಮಾನದಂಡ ಇದೆ. ಅದರ ಪ್ರಕಾರ ಫ್ಯಾನ್ ಇಲ್ಲದ ಒಲೆ ನೂರಕ್ಕೆ ಕನಿಷ್ಠ 25, ಫ್ಯಾನ್ ಒಲೆ ಕನಿಷ್ಠ 35 ಪಾಲು ಶಾಖವನ್ನು ಪಾತ್ರೆಗೆ ಸೇರಿಸಬೇಕು. ಡಬ್ಬಿಯ ಮೇಲೆ 60, 70 ಅಂತ ಬರೆದಿದ್ದರೆ "ಸೌದೆ ಉಳಿತಾಯ" ಅಂತ ಸಣ್ಣ ಅಕ್ಷರದಲ್ಲಿ ಪಕ್ಕದಲ್ಲಿ ಇರುತ್ತದೆ, ಓದಿ. ಎರಡೂ ಬೇರೆ ಬೇರೆ ಲೆಕ್ಕ.

ಹಳೇ ಒಲೆ ಸಿಕ್ಕರೆ? ಧಾರಾಳವಾಗಿ ಕೊಳ್ಳಿ, ಜಾಲರಿ ಮತ್ತು ಗೂಡಿನ ತಳ ಗಟ್ಟಿ ಇದ್ದರೆ. ಯಾರೋ ಹುರುಪಿನಲ್ಲಿ ಕೊಂಡು ಎರಡು ತಿಂಗಳಿಗೆ ಅಟ್ಟಕ್ಕೆ ಹಾಕಿದ ಒಲೆಗಳು ಪ್ರತಿ ಊರಲ್ಲೂ ಇವೆ. ನಮ್ಮ ಮನೆಯ ಈಗಿನ ಒಲೆಯೂ ಅಂಥದ್ದೇ. ಒಂಬೈನೂರು ರೂಪಾಯಿಗೆ ಸಿಕ್ಕಿತು, ಜಾಲರಿ ಹೊಸದು ಹಾಕಿಸಿದ್ದಕ್ಕೆ ಇನ್ನೂರೈವತ್ತು.

ದುಡ್ಡು ಹಂಚುವುದು

ಎರಡೂವರೆ ಸಾವಿರವನ್ನೂ ಒಲೆಗೇ ಸುರಿಯಬೇಡಿ. ನನ್ನನ್ನು ಕೇಳಿದರೆ ಪರೀಕ್ಷೆಯ ಇಟ್ಟಿಗೆಗೆ ಇನ್ನೂರು, ಒಲೆಗೆ ಒಂದೂವರೆಯಿಂದ ಒಂದು ಮುಕ್ಕಾಲು ಸಾವಿರ, ಉಳಿದದ್ದು ಸೌದೆ ಮುಚ್ಚುವ ಶೀಟಿಗೆ ಮತ್ತು ಒಳ್ಳೆಯ ಮಚ್ಚಿಗೆ. ಮಚ್ಚನ್ನು ಕುಲುಮೆಯಲ್ಲಿ ಹದ ಹಾಕಿಸಿ ತಂದರೆ ಸಾಕು, ಹೊಸದೇ ಆಗಬೇಕಿಲ್ಲ. ಊದುಗೊಳವೆಗೆ ಹಳೇ ಕಬ್ಬಿಣದ ಪೈಪಿನ ತುಂಡು. ಇಕ್ಕಳ ಮನೆಯಲ್ಲೇ ಇರುತ್ತದೆ. ಬೂದಿಗೆ ಒಂದು ಮುಚ್ಚಳ ಇರುವ ತಗಡಿನ ಬಕೆಟ್ ಮಾತ್ರ ಬೇಕೇ ಬೇಕು, ಪ್ಲಾಸ್ಟಿಕ್ಕಿನದಲ್ಲ.

ಮೊದಲ ಉರಿ

ಹೊಸ ಒಲೆಯನ್ನು ಮೊದಲ ಸಲ ಹೊರಗೆ ಬಯಲಲ್ಲಿ, ಪಾತ್ರೆ ಇಡದೆ ಅರ್ಧಗಂಟೆ ಉರಿಸಿ. ಹೊರಗಿನ ಬಣ್ಣ, ಎಣ್ಣೆ ಸುಟ್ಟು ವಾಸನೆ ಬರುತ್ತದೆ. ಅದು ಹೋಗಲಿ. ಮಣ್ಣಿನ ಒಲೆಯಾದರೆ ಎರಡು ಮೂರು ದಿನ ಸಣ್ಣ ಉರಿ ಮಾತ್ರ, ಇಲ್ಲದಿದ್ದರೆ ಸೀಳುತ್ತದೆ.

ಮಾರನೇ ದಿನ ಒಂದು ಅಳತೆ ಮಾಡಿ. ಎರಡು ಲೀಟರ್ ನೀರು, ಒಂದು ಕೆಜಿ ತೂಗಿದ ಸೌದೆ. ಕುದಿ ಬಂದಾಗ ಎಷ್ಟು ಸೌದೆ ಉಳಿದಿದೆ ಅಂತ ತೂಗಿ ಗೋಡೆಯ ಮೇಲೆ ಇದ್ದಿಲಲ್ಲಿ ಬರೆಯಿರಿ. ಆರು ತಿಂಗಳ ಮೇಲೆ ಮತ್ತೆ ಅದೇ ಅಳತೆ. ಸೌದೆ ಜಾಸ್ತಿ ಹೋಗುತ್ತಿದ್ದರೆ ಜಾಲರಿ ತೂತುಗಳು ಕಟ್ಟಿಕೊಂಡಿವೆ, ಇಲ್ಲವೇ ಸೌದೆಗೆ ತೇವ ಹಿಡಿದಿದೆ.

ಅಡುಗೆ ಮುಗಿದ ಮೇಲೆ ಉರಿಯುತ್ತಿರುವ ಕಡ್ಡಿಗಳನ್ನು ಹೊರಗೆ ಎಳೆದು ಮಣ್ಣಿನಲ್ಲಿ ಅದುಮಿ ಆರಿಸಿ, ನಾಳೆಗೆ ಆದವು. ಒಲೆಗೆ ನೀರು ಹೊಯ್ಯಬೇಡಿ, ಕಾದ ಎರಕ ಬಿರುಕು ಬಿಡುತ್ತದೆ. ಬೂದಿಯನ್ನು ಆ ತಗಡಿನ ಬಕೆಟ್ಟಿಗೆ ಹಾಕಿ ಮುಚ್ಚಿಡಿ. ಮೇಲೆ ತಣ್ಣಗಿದ್ದರೂ ಒಳಗಿನ ಕೆಂಡ ರಾತ್ರಿಯೆಲ್ಲ ಜೀವ ಹಿಡಿದಿರುತ್ತದೆ. ಮಾರನೇ ದಿನ ಕೈಯಿಟ್ಟು ನೋಡಿ, ಪೂರ್ತಿ ತಣ್ಣಗಾಗಿದ್ದರೆ ತೆಂಗಿನ ಬುಡಕ್ಕೆ ಒಂದೊಂದು ಬೊಗಸೆ ಹಾಕಿ. ಒಂದು ಡಬ್ಬಿ ಮಾತ್ರ ಜರಡಿ ಹಿಡಿದು ಪಾತ್ರೆ ತಿಕ್ಕಲು ಎತ್ತಿಡಿ.